ದಾವೀದನ ಕಲ್ಲು, ಯೆರಿಕೋವಿನ ಗೋಡೆ, ಫರೋಹನ ಗಾಲಿ: ಉತ್ಖನನದ ಸಾಕ್ಷ್ಯವನ್ನು ತೂಗುವುದು ಹೇಗೆ?

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನಕ್ಕೆ ಬರುವವರು ಆಗಾಗ ಹೊಸ ಸುದ್ದಿ ತರುತ್ತಾರೆ. ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಗಾಲಿ ಸಿಕ್ಕಿತಂತೆ, ಯೆರಿಕೋವಿನ ಬಿದ್ದ ಗೋಡೆ ಸಿಕ್ಕಿತಂತೆ, ದಾವೀದನ ಹೆಸರಿರುವ ಕಲ್ಲು ಸಿಕ್ಕಿತಂತೆ. ಎಂಜಿನಿಯರಿಂಗ್ ಓದುವ ನನ್ನ ಮಗ ಇದೆಲ್ಲ ಕಟ್ಟುಕತೆ, ಹಳೆಯ ಒಡಂಬಡಿಕೆಯಲ್ಲಿ ಚರಿತ್ರೆ ಅನ್ನುವುದೇ ಇಲ್ಲ ಅನ್ನುತ್ತಾನೆ. ಇಂಥ ಸುದ್ದಿ ಬಂದಾಗ ನಂಬಬೇಕೋ ಬಿಡಬೇಕೋ ಎಂದು ತೂಗಿ ನೋಡುವುದು ಹೇಗೆ?

ಉತ್ತರ: ನೀವು ಹೇಳಿದ ಮೂರರಲ್ಲಿ ದಾವೀದನ ಹೆಸರಿನ ಕಲ್ಲು ಗಟ್ಟಿ ಸಾಕ್ಷ್ಯ. ಯೆರಿಕೋವಿನ ಬಿದ್ದ ಗೋಡೆ ನಿಜವಾದ ಗೋಡೆಯೇ, ಆದರೆ ಅದರ ಕಾಲ ಬೇರೆ. ರಥದ ಗಾಲಿಯದು ಬರೀ ಜೊಳ್ಳು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಗಟ್ಟಿಯಾದದ್ದರ ಬೆಲೆಯೂ ಹೋಗುತ್ತದೆ. ನಿಮ್ಮ ಮಗ ಮಾಡುತ್ತಿರುವ ತಪ್ಪೂ ಅದೇ ಜಾತಿಯದು. ಜೊಳ್ಳು ತೂರುವ ಭರದಲ್ಲಿ ಕಾಳನ್ನೂ ತೂರಿಬಿಡುತ್ತಿದ್ದಾನೆ.

ಮೊದಲು ಪ್ರಶ್ನೆಯನ್ನೇ ಚಿಕ್ಕದು ಮಾಡಿಕೊಳ್ಳಿ. 'ಹಳೆಯ ಒಡಂಬಡಿಕೆ ನಿಜವೇ?' ಎಂಬ ಪ್ರಶ್ನೆಗೆ ಯಾವ ಗುದ್ದಲಿಯೂ ಉತ್ತರ ಕೊಡಲಾರದು. ಅದು ಒಂದು ಪುಸ್ತಕವಲ್ಲ. ಶತಮಾನಗಳುದ್ದಕ್ಕೂ ಬರೆದು, ತಿದ್ದಿ, ಜೋಡಿಸಿದ ಪುಸ್ತಕಗಳ ಕಟ್ಟು. ಅದರಲ್ಲಿ ಹಾಡಿದೆ, ಕಟ್ಟಳೆಯಿದೆ, ವಂಶಾವಳಿಯಿದೆ, ಅರಮನೆಯ ದಫ್ತರದಿಂದ ಎತ್ತಿಕೊಂಡಂತೆ ಕಾಣುವ ವರದಿಯೂ ಇದೆ. ತೂಗಬೇಕಾದದ್ದು ಒಂದೊಂದೇ ಹೇಳಿಕೆಯನ್ನು. 'ಹಿಜ್ಕೀಯನ 14ನೇ ವರ್ಷದಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಯೆಹೂದದ ಕೋಟೆ ಪಟ್ಟಣಗಳನ್ನು ಹಿಡಿದನು' ಎಂಬುದು ಅಂಥದೊಂದು ಹೇಳಿಕೆ (2 ಅರಸುಗಳು 18:13; ಹಿಜ್ಕೀಯ ಯೆಹೂದದ ಅರಸ, ಅಶ್ಶೂರವೆಂದರೆ ಅಸ್ಸೀರಿಯಾ). ಯಾರು, ಯಾವಾಗ, ಎಲ್ಲಿ, ಏನು ಮಾಡಿದರು ಎಂಬ ನಾಲ್ಕೂ ಅದರಲ್ಲಿವೆ. ಸುಟ್ಟ ಊರು ನೆಲದಲ್ಲಿ ಕುರುಹು ಬಿಡುತ್ತದೆ. ಹಾಗಾಗಿ ಇದನ್ನು ಪರೀಕ್ಷಿಸಬಹುದು. (ಹೆಸರುಗಳನ್ನು ಕನ್ನಡ ಬೈಬಲಾದ ಸತ್ಯವೇದದಲ್ಲಿ ಇರುವಂತೆಯೇ ಬರೆಯುತ್ತಿದ್ದೇನೆ, ನಿಮಗೆ ತೆಗೆದು ನೋಡಲು ಸುಲಭವಾಗಲಿ ಎಂದು.)

ಲಾಕೀಷ್: ಕಲಿಯಲು ಒಳ್ಳೆಯ ಪಾಠಶಾಲೆ

ಈ ಒಂದು ಹೇಳಿಕೆಯನ್ನೇ ಹಿಡಿದು ನಿಧಾನವಾಗಿ ನೋಡೋಣ. ಸಾಕ್ಷ್ಯ ತೂಗುವ ಎಲ್ಲ ಕಸುಬೂ ಇದರಲ್ಲಿದೆ.

ಯೆರೂಸಲೇಮಿನ ನೈಋತ್ಯಕ್ಕಿರುವ ಲಾಕೀಷ್ ಯೆಹೂದ ರಾಜ್ಯದಲ್ಲಿ ಯೆರೂಸಲೇಮಿನ ನಂತರದ ಮುಖ್ಯ ಕೋಟೆ. ಇವತ್ತು ಅದೊಂದು ಹಾಳುದಿಬ್ಬ. ಸನ್ಹೇರೀಬನ ಮುತ್ತಿಗೆಗೆ ಮೂರು ಕಡೆಯಿಂದ ಸಾಕ್ಷಿ ಇದೆ. ಒಂದು, ಸತ್ಯವೇದ. ಎರಡು, ಅಶ್ಶೂರದ ರಾಜಧಾನಿ ನಿನೆವೆಯ ಅರಮನೆಯಲ್ಲಿ ಸನ್ಹೇರೀಬ ಕೆತ್ತಿಸಿದ ಉಬ್ಬುಶಿಲ್ಪಗಳ ಸಾಲು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೋಟೆಗೆ ಲಗ್ಗೆ ಹಾಕುವ ಸೈನಿಕರು, ಮೇಲಿನಿಂದ ಪಂಜು ಎಸೆಯುವ ಕಾವಲಿನವರು, ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಸೆರೆಹೋಗುವ ಸಂಸಾರಗಳು, ಸಿಂಹಾಸನದಲ್ಲಿ ಕೂತು ನೋಡುತ್ತಿರುವ ಅರಸ, ಪಕ್ಕದಲ್ಲಿ ಲಾಕೀಷಿನ ಹೆಸರು ಹೇಳುವ ಬರಹ. ಮೂರು, ದಿಬ್ಬವೇ. ಅದರ ನೈಋತ್ಯ ಮೂಲೆಯಲ್ಲಿ ಅಶ್ಶೂರದವರು ಕಲ್ಲು ಸುರಿದು ಕಟ್ಟಿದ ಮುತ್ತಿಗೆಯ ಏರಿ ಇವತ್ತಿಗೂ ನಿಂತಿದೆ. ಡೇವಿಡ್ ಉಸ್ಸಿಷ್ಕಿನ್ 1973ರಿಂದ ಅಲ್ಲಿ ಅಗೆಸಿದರು. ಏರಿಗೆ ಬಿದ್ದ ಕಲ್ಲು ಸುಮಾರು 13,000ದಿಂದ 19,000 ಟನ್ ಎಂದು ಅವರ ಅಂದಾಜು. ಅಲ್ಲೇ ನೂರಾರು ಬಾಣದ ಮೊನೆ, ಕವಣೆ ಕಲ್ಲು ಸಿಕ್ಕವು. ಗೋಡೆಯ ಒಳಬದಿಯಲ್ಲಿ ಊರಿನವರು ತರಾತುರಿಯಲ್ಲಿ ಎಬ್ಬಿಸಿದ ಎದುರು ಏರಿಯೂ ಸಿಕ್ಕಿತು.

ಇಷ್ಟೆಲ್ಲ ಇದ್ದರೂ ಒಂದು ಪ್ರಶ್ನೆ ಬಹುಕಾಲ ಬಗೆಹರಿಯಲಿಲ್ಲ. ದಿಬ್ಬದಲ್ಲಿ ಸುಟ್ಟ ಪದರ ಒಂದಲ್ಲ. ಅವುಗಳಲ್ಲಿ ಸನ್ಹೇರೀಬನದು ಯಾವುದು? ಮೇಲಿನ ಎರಡನೇ ಪದರವನ್ನು ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು (ಬಾಬಿಲೋನಿನವರು) ಸುಟ್ಟಿದ್ದು ಎಂಬುದರಲ್ಲಿ ತಕರಾರಿರಲಿಲ್ಲ. 1930ರ ದಶಕದಲ್ಲಿ ಅಗೆಸಿದ ಜೇಮ್ಸ್ ಸ್ಟಾರ್ಕಿ ಅದರ ಕೆಳಗಿನ ಮೂರನೇ ಪದರವನ್ನೂ ಬಾಬೆಲಿನವರ ತಲೆಗೆ ಕಟ್ಟಿದರು, ಕ್ರಿ.ಪೂ. 597 ಎಂದು. ಅವರ ಜೊತೆ ಕೆಲಸ ಮಾಡಿದ್ದ ಓಲ್ಗಾ ಟಫ್ನೆಲ್ ಒಪ್ಪಲಿಲ್ಲ. ಎರಡು ಪದರಗಳ ಮಡಕೆಗಳು ಬಹಳ ಬೇರೆ, ಹತ್ತು ವರ್ಷದಲ್ಲಿ ಒಂದೂರಿನ ಕುಂಬಾರಿಕೆ ಅಷ್ಟು ಬದಲಾಗದು, ಮೂರನೆಯದು ಸನ್ಹೇರೀಬ ದಂಡೆತ್ತಿ ಬಂದ ಕ್ರಿ.ಪೂ. 701ರ ಬೆಂಕಿ ಎಂದರು. ಉಸ್ಸಿಷ್ಕಿನ್ನರ ಅಗೆತ ಟಫ್ನೆಲ್ ಹೇಳಿದ್ದನ್ನೇ ಗಟ್ಟಿಮಾಡಿತು.

ಇದರಿಂದ ಬಂದ ಲಾಭ ದೊಡ್ಡದು. ಮೂರನೇ ಪದರದ ಬೂದಿಯಡಿ ಮುಚ್ಚಿಹೋದ ಮಡಕೆಗಳಿಗೆಲ್ಲ ಗಟ್ಟಿಯಾದ ಒಂದು ಇಸವಿ ಸಿಕ್ಕಿತು. 'ಲಮೆಲೆಖ್', ಅಂದರೆ 'ಅರಸನಿಗೆ ಸೇರಿದ್ದು', ಎಂಬ ಮುದ್ರೆಯೊತ್ತಿದ ದೊಡ್ಡ ಜಾಡಿಗಳು ಹಿಜ್ಕೀಯನ ಕಾಲದವು ಎಂದು ತಿಳಿಯಿತು. ಬೇರೆ ಊರುಗಳಲ್ಲಿ ಅದೇ ಜಾತಿಯ ಮಡಕೆ ಸುಟ್ಟ ಪದರದಲ್ಲಿ ಸಿಕ್ಕರೆ ಆ ದಂಡಯಾತ್ರೆ ಎಲ್ಲೆಲ್ಲಿ ಹಾದುಹೋಯಿತು ಎಂದು ಗುರುತಿಸಬಹುದಾಯಿತು. ಒಂದು ಊರಿನ ಒಂದು ಪದರದ ಜಗಳ ಎಂದು ಕಾಣುವ ಇಂಥ ಕೆಲಸದ ಮೇಲೆಯೇ ಉಳಿದದ್ದೆಲ್ಲ ನಿಂತಿರುವುದು.

ಯಾರ ಬಾಯಿಂದ ಬಂದ ಮಾತು?

ಸನ್ಹೇರೀಬ ಇದೇ ಯುದ್ಧದ ಲೆಕ್ಕವನ್ನು ಮಣ್ಣಿನ ಪಟ್ಟಕಗಳಲ್ಲಿ ಬರೆಸಿದ್ದಾನೆ. 46 ಕೋಟೆ ಪಟ್ಟಣ ಹಿಡಿದೆ, 2,00,150 ಜನರನ್ನು ಹೊರಗೆಳೆದೆ, ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ, 30 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ 800 ತಲಾಂತು ಬೆಳ್ಳಿ ಕಪ್ಪ ತೆಗೆದುಕೊಂಡೆ ಎನ್ನುತ್ತಾನೆ. 2 ಅರಸುಗಳು 18:14ರಲ್ಲಿ 30 ತಲಾಂತು ಬಂಗಾರ ಸರಿಯಾಗಿ ಕೂಡುತ್ತದೆ. ಬೆಳ್ಳಿ ಮಾತ್ರ 300 ಎಂದಿದೆ.

ಇಂಥ ಕಡೆ ಓದುಗರು ಎರಡು ಗುಂಪಾಗುತ್ತಾರೆ. ಬಂಗಾರ ಕೂಡಿತಲ್ಲ ಎಂದು ಸಂಭ್ರಮಿಸುವವರು ಕೆಲವರು, ಬೆಳ್ಳಿ ಕೂಡಲಿಲ್ಲವಲ್ಲ ಎಂದು ಪುಸ್ತಕ ಮುಚ್ಚುವವರು ಕೆಲವರು. ಬರೆದವರು ಯಾರು, ಯಾಕೆ ಬರೆದರು ಎಂದು ಕೇಳುವುದು ಇವೆರಡಕ್ಕಿಂತ ಒಳ್ಳೆಯ ದಾರಿ. ಸನ್ಹೇರೀಬನದು ಪ್ರಶಸ್ತಿ, ಅಂದರೆ ತನ್ನನ್ನೇ ಹೊಗಳಿ ಬರೆಸಿದ ಶಾಸನ. ಅರಸನ ಪ್ರಶಸ್ತಿಯಲ್ಲಿ ಸಂಖ್ಯೆ ಉಬ್ಬುತ್ತದೆ, ಸೋಲು ಮಾಯವಾಗುತ್ತದೆ. 2,00,150 ಎಂಬುದನ್ನು ಅಕ್ಷರಶಃ ನಂಬುವ ವಿದ್ವಾಂಸರು ವಿರಳ. ಆದರೆ ಅವನು ಹೇಳದೆ ಬಿಟ್ಟದ್ದನ್ನು ಗಮನಿಸಿ. ಲಾಕೀಷನ್ನು ಗೋಡೆತುಂಬ ಕೆತ್ತಿಸಿದವನು ಯೆರೂಸಲೇಮನ್ನು ಹಿಡಿದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಸತ್ಯವೇದವೂ ಅದು ಬೀಳಲಿಲ್ಲ ಎನ್ನುತ್ತದೆ. ಯೆರೂಸಲೇಮಿನಲ್ಲಿ 701ರ ಬೆಂಕಿಯ ಪದರವೂ ಇಲ್ಲ. ಒಬ್ಬರಿಗೊಬ್ಬರು ಶತ್ರುಗಳಾದ ಇಬ್ಬರು ತಮ್ಮ ತಮ್ಮ ಹಿತಕ್ಕೆ ಬರೆದರೂ ಒಂದೇ ಕಡೆ ಕೂಡಿದರೆ ಆ ಭಾಗ ಬಹುಮಟ್ಟಿಗೆ ಗಟ್ಟಿ.

ಅದೇ ವೃತ್ತಾಂತದಲ್ಲಿ ದೇವದೂತನು ಒಂದು ರಾತ್ರಿ 1,85,000 ಜನರನ್ನು ಸಂಹರಿಸಿದ ಮಾತಿದೆ. ಅದನ್ನು ಮಣ್ಣು ಸಾಬೀತೂ ಮಾಡದು, ಸುಳ್ಳೂ ಮಾಡದು. ಸೈನ್ಯ ಹಿಂದಿರುಗಿತು ಎಂಬುದು ಚರಿತ್ರೆಯ ಮಾತು. ಯಾರ ಕೈ ಅದನ್ನು ಹಿಂದಿರುಗಿಸಿತು ಎಂಬುದು ವಿಶ್ವಾಸದ ಮಾತು. ಉತ್ಖನನದ ಹೆಸರು ಹೇಳಿ ಎರಡನೆಯದನ್ನು ಯಾರು ಯಾವ ಕಡೆಗೆ ಎಳೆದರೂ ಒಪ್ಪಬೇಡಿ.

ಪ್ರಶಸ್ತಿಗಿಂತ ಲೆಕ್ಕದ ಚೀಟಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಬಾಬಿಲೋನಿನ ಅರಮನೆಯಲ್ಲಿ ಸಿಕ್ಕು 1939ರಲ್ಲಿ ಪ್ರಕಟವಾದ ಮಣ್ಣಿನ ಹಲಗೆಗಳು ಯಾರಿಗೆ ಎಷ್ಟು ಎಣ್ಣೆ ಕೊಟ್ಟೆವು ಎಂಬ ಉಗ್ರಾಣದ ಪಟ್ಟಿ. ಅವುಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನ ಹೆಸರಿದೆ, ಅವನ ಐದು ಮಂದಿ ಗಂಡುಮಕ್ಕಳ ಪಾಲೂ ಇದೆ. ಸೆರೆಯಾಗಿ ಹೋದ ಈ ಅರಸನಿಗೆ ಬಾಬಿಲೋನಿನಲ್ಲಿ ಆಹಾರ ಸಲ್ಲುತ್ತಿತ್ತು ಎಂದು 2 ಅರಸುಗಳು ಪುಸ್ತಕದ ಕೊನೆಯ ವಚನಗಳು ಹೇಳುತ್ತವೆ. ಎಣ್ಣೆ ಅಳೆದು ಬರೆದ ಗುಮಾಸ್ತನಿಗೆ ಯೆಹೂದದ ಚರಿತ್ರೆಯನ್ನು ಎತ್ತಿಹಿಡಿಯುವ ಉದ್ದೇಶವೂ ಇರಲಿಲ್ಲ, ಕೆಡಿಸುವ ಉದ್ದೇಶವೂ ಇರಲಿಲ್ಲ. ನೆಬೂಕದ್ನೆಚ್ಚರನು ಆದಾರ್ ತಿಂಗಳ 2ನೇ ದಿನ 'ಯೆಹೂದದ ಪಟ್ಟಣ'ವನ್ನು ಹಿಡಿದು ತನಗೆ ಬೇಕಾದವನನ್ನು ಅರಸನಾಗಿ ಕೂರಿಸಿದ ಎಂದು ಬಾಬಿಲೋನಿನ ವಾರ್ಷಿಕ ವೃತ್ತಾಂತ ದಾಖಲಿಸಿದೆ. ನಮ್ಮ ಲೆಕ್ಕದಲ್ಲಿ ಅದು ಕ್ರಿ.ಪೂ. 597ರ ಮಾರ್ಚ್ 16. ಇದು 2 ಅರಸುಗಳು 24ಕ್ಕೆ ಹೊಂದುತ್ತದೆ.

ದಾವೀದನ ಕಲ್ಲು

ಇಸ್ರೇಲಿನ ಉತ್ತರದ ಗಡಿಯಲ್ಲಿರುವ ತೇಲ್ ದಾನ್ ದಿಬ್ಬದಲ್ಲಿ ಅವ್ರಾಹಾಂ ಬಿರಾನ್ ಅವರ ತಂಡಕ್ಕೆ 1993ರಲ್ಲಿ ಒಂದು, 1994ರಲ್ಲಿ ಎರಡು ಕರಿಕಲ್ಲಿನ ತುಂಡುಗಳು ಸಿಕ್ಕವು. ಬರಹ ಅರಾಮ್ಯ ಭಾಷೆಯಲ್ಲಿದೆ, ಕ್ರಿ.ಪೂ. 9ನೇ ಶತಮಾನದ್ದು. ಅರಾಮಿನ (ಈಗಿನ ಸಿರಿಯಾ ಕಡೆಯ) ಒಬ್ಬ ಅರಸ, ಬಹುಶಃ ಹಜಾಯೇಲ, ತನ್ನ ಗೆಲುವು ಕೊಚ್ಚಿಕೊಂಡಿದ್ದಾನೆ. ಅದರಲ್ಲಿ 'ಬೇತ್ ದಾವೀದ್', 'ದಾವೀದನ ಮನೆತನ', ಎಂಬ ಮಾತಿದೆ.

ಇದನ್ನು ಗಟ್ಟಿ ಎನ್ನಲು ಕಾರಣಗಳಿವೆ. ಕಲ್ಲು ಅಗೆತದಲ್ಲೇ ಸಿಕ್ಕಿತು, ಯಾರೂ ಮಾರಲು ತಂದದ್ದಲ್ಲ. ಒಡೆದು, ನಂತರದ ಕಟ್ಟಡದಲ್ಲಿ ಮಾಮೂಲಿ ಕಲ್ಲಿನಂತೆ ಬಳಸಲಾಗಿತ್ತು. ಆ ಎರಡು ಪದಗಳ ಅಕ್ಷರ ಒಂದೂ ಮುಕ್ಕಾಗಿಲ್ಲ. ಬರೆಸಿದವನು ಶತ್ರು. ದಾವೀದನ ಕಾಲ ಎನ್ನಲಾಗುವ ಕ್ರಿ.ಪೂ. 1000ದಿಂದ ಸುಮಾರು 150 ವರ್ಷಗಳಷ್ಟೇ ಈಚಿನದು.

ಅದು ಹೇಳುವುದು ಎಷ್ಟು ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಯಬೇಕು. 9ನೇ ಶತಮಾನದಲ್ಲಿ ದಾವೀದನನ್ನು ಮೂಲಪುರುಷ ಎಂದು ಹೇಳಿಕೊಳ್ಳುವ ರಾಜವಂಶ ಇತ್ತು, ಅದು ನೆರೆಯವರಿಗೂ ಗೊತ್ತಿತ್ತು. ಇಷ್ಟು ಮಾತ್ರ. ಗೊಲ್ಯಾತನ ಬಗ್ಗೆ, ಯೂಫ್ರೆಟಿಸ್‌ವರೆಗಿನ ರಾಜ್ಯದ ಬಗ್ಗೆ, ಕೀರ್ತನೆಗಳನ್ನು ಯಾರು ಬರೆದರು ಎಂಬುದರ ಬಗ್ಗೆ ಆ ಕಲ್ಲು ಏನನ್ನೂ ಹೇಳುವುದಿಲ್ಲ.

ಸಭೆಯಲ್ಲಿ ಈ ಕಲ್ಲನ್ನು ತೋರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿಷಯವಿದೆ. ಉತ್ತರದ ಇಸ್ರಾಯೇಲ್ ರಾಜ್ಯದ ಅರಸನನ್ನೂ ದಾವೀದನ ಮನೆತನದ, ಅಂದರೆ ಯೆಹೂದದ, ಅರಸನನ್ನೂ ನಾನೇ ಕೊಂದೆ ಎಂದು ಆ ಅರಾಮ್ಯ ಹೇಳಿಕೊಂಡಂತಿದೆ. ಸಾಮಾನ್ಯವಾಗಿ ಅವರನ್ನು ಯೋರಾಮ ಮತ್ತು ಅಹಜ್ಯ ಎಂದು ಓದುತ್ತಾರೆ. ಆದರೆ 2 ಅರಸುಗಳು 9ರಲ್ಲಿ ಅವರಿಬ್ಬರನ್ನೂ ಕೊಂದವನು ಯೇಹು, ಆಮೇಲೆ ಇಸ್ರಾಯೇಲಿನ ಅರಸನಾದ ಸೇನಾಪತಿ. ಅಂದರೆ ದಾವೀದನ ಹೆಸರಿಗೆ ಸಾಕ್ಷಿ ಹೇಳುವ ಕಲ್ಲೇ ಬೇರೊಂದು ವಿವರದಲ್ಲಿ ಸತ್ಯವೇದದ ಎದುರು ನಿಲ್ಲುತ್ತದೆ. ಯೇಹು ಅರಾಮ್ಯರ ಕೈಗೊಂಬೆಯಾಗಿದ್ದ ಎಂದು ಹೊಂದಿಸುವವರಿದ್ದಾರೆ. ಹಜಾಯೇಲ ಜಂಬ ಕೊಚ್ಚಿದ ಎನ್ನುವವರಿದ್ದಾರೆ. ಕಲ್ಲಿನಲ್ಲಿ ಆ ಎರಡು ಹೆಸರುಗಳ ಮೊದಲ ಅಕ್ಷರಗಳು ಒಡೆದುಹೋಗಿವೆ, ಕೊನೆಯವು ಮಾತ್ರ ಉಳಿದಿವೆ ಎಂಬುದೂ ನೆನಪಿರಲಿ. ಶಾಸನದ ಪಾಠ ಓದುವಾಗ ಚೌಕ ಕಂಸದ ಒಳಗಿರುವುದೆಲ್ಲ ಸಂಪಾದಕರ ಊಹೆ, ಹೊರಗಿರುವುದು ಮಾತ್ರ ಕಲ್ಲಿನ ಮೇಲಿರುವುದು. ಅನುವಾದವನ್ನು ಸುದ್ದಿಗೆ ಹಾಕುವಾಗ ಈ ಕಂಸಗಳನ್ನೇ ಮೊದಲು ಕೈಬಿಡುತ್ತಾರೆ.

ಮನೆತನದ ಹೆಸರಿನ ಬಗ್ಗೆ ಇನ್ನೊಂದು ಎಚ್ಚರ. ಅಶ್ಶೂರದ ಮೂರನೇ ಶಲ್ಮನೆಸೆರನ ಕರಿಯ ಕಂಬದಲ್ಲಿ ಯೇಹು ಕಪ್ಪ ತಂದ ಚಿತ್ರವಿದೆ. ಅಲ್ಲಿ ಅವನನ್ನು 'ಒಮ್ರಿಯ ಮಗ' ಎಂದಿದೆ. ಸತ್ಯವೇದದ ಪ್ರಕಾರ ಯೇಹು ಇಸ್ರಾಯೇಲಿನ ಹಿಂದಿನ ಅರಸ ಒಮ್ರಿಯ ವಂಶವನ್ನೇ ಅಳಿಸಿದವನು! ಹೊರಗಿನವರು ರಾಜ್ಯವನ್ನು ಅದರ ಮೂಲಪುರುಷನ ಹೆಸರಿನಿಂದ ಕರೆಯುತ್ತಿದ್ದರು, ಒಳಗಿನ ವಂಶಾವಳಿ ಅವರಿಗೆ ಬೇಕಿರಲಿಲ್ಲ. ಅದೇ ಶಲ್ಮನೆಸೆರನು ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ತನ್ನೆದುರು ಕಾದಿದವರ ಪಟ್ಟಿಯಲ್ಲಿ ಇಸ್ರಾಯೇಲಿನ ಅಹಾಬನಿಗೆ 2,000 ರಥ, 10,000 ಕಾಲಾಳು ಇತ್ತೆಂದು ಬರೆಸಿದ್ದಾನೆ. ರಥದ ಸಂಖ್ಯೆ ಹೆಚ್ಚಾಯಿತೆಂದು ಹಲವರ ಅಭಿಪ್ರಾಯ. ಈ ದೊಡ್ಡ ಯುದ್ಧದ ಸುದ್ದಿಯೇ ಸತ್ಯವೇದದಲ್ಲಿಲ್ಲ. ಅಲ್ಲಿನ ಬರಹಗಾರರಿಗೆ ಅಹಾಬನ ಸೈನ್ಯಕ್ಕಿಂತ ಅವನು ಮಾಡಿದ ಬಾಳ ದೇವರ ಪೂಜೆ ಮುಖ್ಯವಾಗಿತ್ತು. ಹೇಳದೆ ಬಿಟ್ಟದ್ದು ಸುಳ್ಳಿಗೆ ಸಮವಲ್ಲ, ಆದರೆ ಆಯ್ಕೆಯ ಕೈ ಎಲ್ಲಿ ಆಡಿದೆ ಎಂಬುದು ಕಾಣಬೇಕು.

ಇಸವಿ ಎಲ್ಲಿಂದ ಬಂತು?

ಯಾವ ಸುದ್ದಿ ಬಂದರೂ ನೀವು ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು. ಈ ಪದರ ಸೊಲೊಮೋನನ ಕಾಲದ್ದು ಎಂದರೆ, ಅದು ಗೊತ್ತಾದದ್ದು ಹೇಗೆ?

1950ರ ದಶಕದಲ್ಲಿ ಯಿಗಾಯೆಲ್ ಯಾದೀನ್ ಹಾಚೋರಿನಲ್ಲಿ ಆರು ಕೋಣೆಗಳ ಊರಬಾಗಿಲನ್ನು ಅಗೆಸಿ ತೆಗೆದರು. ಅಂಥದೇ ಬಾಗಿಲು ಮೆಗಿದ್ದೋವಿನಲ್ಲೂ ಗೆಜೆರಿನಲ್ಲೂ ಇತ್ತು. ಸೊಲೊಮೋನನು ಹಾಚೋರ್, ಮೆಗಿದ್ದೋ, ಗೆಜೆರ್ ಊರುಗಳನ್ನು ಕಟ್ಟಿಸಿದನು ಎಂದು 1 ಅರಸುಗಳು 9:15 ಹೇಳುತ್ತದೆ. ಒಂದೇ ನಕ್ಷೆ, ಒಬ್ಬನೇ ಅರಸ ಎಂದು ಯಾದೀನ್ ತೀರ್ಮಾನಿಸಿದರು. ಕೇಳಲು ಬಹಳ ಚೆನ್ನಾಗಿದೆ. ತೊಡಕು ಎಲ್ಲಿ ಬಂತೆಂದರೆ, ಆ ವಚನದ ಬಲದಿಂದ ಬಾಗಿಲಿಗೆ ಇಸವಿ ಕೊಟ್ಟರು, ಬಾಗಿಲಿನ ಬಲದಿಂದ ಅಲ್ಲಿನ ಮಡಕೆಗೆ ಇಸವಿ ಕೊಟ್ಟರು, ಆಮೇಲೆ ಬೇರೆ ಊರಿನಲ್ಲಿ ಅದೇ ಮಡಕೆ ಕಂಡಾಗ ಸೊಲೊಮೋನನ ಕಾಲ ಸಾಬೀತಾಯಿತು ಎಂದರು. ಮಾತು ಸುತ್ತಿಕೊಂಡು ಹೊರಟಲ್ಲಿಗೇ ಬಂತು. ಫಿಲಿಷ್ಟಿಯರ ಅಷ್ಡೋದಿನಲ್ಲೂ ಆರು ಕೋಣೆಯ ಬಾಗಿಲು ಸಿಕ್ಕಮೇಲೆ ಅದು ಒಬ್ಬ ಅರಸನ ಗುರುತು ಎನ್ನುವುದೂ ಕಷ್ಟವಾಯಿತು.

1996ರಲ್ಲಿ ಪುರಾತತ್ವಜ್ಞ ಇಸ್ರಾಯೇಲ್ ಫಿಂಕಲ್‌ಸ್ಟೈನ್ ಈ ಪದರಗಳ ಕಾಲವನ್ನು ಮುಕ್ಕಾಲು ಶತಮಾನಕ್ಕೂ ಹೆಚ್ಚು ಈಚೆಗೆ ತಂದು, ಮೆಗಿದ್ದೋವಿನ ಅರಮನೆಗಳು ಸೊಲೊಮೋನನವಲ್ಲ, ಒಮ್ರಿಯ ವಂಶದವು ಎಂದರು. ಒಮ್ರಿ ಕಟ್ಟಿದ ಸಮಾರ್ಯದ ಅರಮನೆಯ ಕಲ್ಲುಕೆಲಸಕ್ಕೂ ಇದಕ್ಕೂ ಹೋಲಿಕೆ ಇದೆ ಎಂಬುದು ಅವರ ವಾದದ ಒಂದು ಕಂಬ. ಅಮಿಹಾಯ್ ಮಜಾರ್ ತೇಲ್ ರೆಹೋವ್ ದಿಬ್ಬದ ಕಾರ್ಬನ್-14 ಪರೀಕ್ಷೆಗಳನ್ನು (ಮರ, ಕಾಳುಗಳಲ್ಲಿ ಉಳಿದ ಇಂಗಾಲವನ್ನು ಅಳೆದು ಕಾಲ ಹೇಳುವ ವಿಧಾನ) ಹಿಡಿದು ಎದುರು ವಾದಿಸಿದರು. ಇವತ್ತು ಇಬ್ಬರ ಅಂತರ ಕೆಲವು ದಶಕಗಳಿಗೆ ಇಳಿದಿದೆ. ಆದರೆ ಆ ಕೆಲವು ದಶಕಗಳಲ್ಲೇ ಸೊಲೊಮೋನನ ಆಳಿಕೆ ಬರುತ್ತದೆ.

ಕಾರ್ಬನ್-14 ಮಾಡಿಸಿದ್ದಾರೆ ಎಂದ ಕೂಡಲೇ ಮುಗಿಯಲಿಲ್ಲ. ಏನನ್ನು ಸುಟ್ಟು ಅಳೆದರು ಎಂದು ಕೇಳಿ. ತೊಲೆಯ ಇದ್ದಿಲು ಮೋಸ ಮಾಡುತ್ತದೆ. ಮರದ ಒಳತಿರುಳು ಬೆಳೆದು ನೂರು ವರ್ಷವಾದ ಮೇಲೆ ಮರ ಕಡಿದಿರಬಹುದು, ಆ ತೊಲೆಯನ್ನು ಮೂರು ಮನೆಗಳಿಗೆ ಮರುಬಳಸಿರಬಹುದು. ಒಂದೇ ವರ್ಷ ಬದುಕುವ ಕಾಳು, ಆಲಿವ್ ಬೀಜ ಬೇಕು. ಅದೂ ನೆಲದ ಮೇಲೆ ಬೂದಿಯಡಿ ಮುಚ್ಚಿ ಉಳಿದದ್ದು. ಇಲಿ ಬಿಲ ತೋಡಿದರೂ ಮೇಲಿನ ಬೀಜ ಕೆಳಗಿನ ಪದರಕ್ಕೆ ಬೀಳುತ್ತದೆ. ಅದಕ್ಕಾಗಿ ಒಂದು ಪದರದಿಂದ ಒಂದಲ್ಲ, ಹಲವು ಮಾದರಿ ಬೇಕು. ಒಂದೊಂದು ಅಳತೆಯೂ ಹತ್ತಾರು ವರ್ಷ ಅತ್ತಿತ್ತ ಆಗುವಂಥದು. ಅದರ ಮೇಲೆ ಕ್ರಿ.ಪೂ. 800ರಿಂದ 400ರವರೆಗೆ ವಾತಾವರಣದ ಇಂಗಾಲದ ರೇಖೆ ಬಹುಪಾಲು ಮಟ್ಟಸವಾಗಿದೆ, ಆ ನಾನ್ನೂರು ವರ್ಷಗಳ ಮಾದರಿಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಲಾಕೀಷಿನ 701 ಮತ್ತು 586ರ ಬೆಂಕಿಗಳನ್ನು ಬೇರೆಮಾಡಲು ಮಡಕೆಯೇ ಬೇಕಾದದ್ದು ಯಾಕೆಂದು ಈಗ ತಿಳಿದಿರಬೇಕು.

ಇಲ್ಲ ಎಂಬುದಕ್ಕೂ ತೂಕವಿದೆ, ಒಂದೊಂದು ಕಡೆ ಒಂದೊಂದು

ಯೆರಿಕೋವಿಗೆ ಬರೋಣ. ಮೋಶೆಯ ನಂತರ ಇಸ್ರಾಯೇಲ್ಯರನ್ನು ಕಾನಾನ್ ನಾಡಿಗೆ ನಡೆಸಿದ ಯೆಹೋಶುವನ ಮುಂದೆ ಅದರ ಗೋಡೆ ಕುಸಿದುಬಿತ್ತು ಎಂದು ಸತ್ಯವೇದ ಹೇಳುತ್ತದೆ. ಜಾನ್ ಗಾರ್ಸ್ಟಾಂಗ್ 1930ರ ದಶಕದಲ್ಲಿ ಅಲ್ಲಿ ಬಿದ್ದ ಜೋಡಿ ಗೋಡೆಗಳನ್ನು ಕಂಡು, ಕ್ರಿ.ಪೂ. 1400ರ ಸುಮಾರಿನವು, ಯೆಹೋಶುವನ ಕಾಲದವು ಎಂದರು. ನಿಮ್ಮ ಸಭೆಗೆ ಬಂದ ಸುದ್ದಿಯ ಮೂಲ ಅದು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬವನ್ನು ಕಿರಿದಾದ ಆಳವಾದ ಕಂದಕಗಳಲ್ಲಿ, ಪ್ರತಿ ಪದರದ ಅಡ್ಡಸೀಳಿನ ನಕ್ಷೆ ಬರೆಯುತ್ತ ಅಗೆದರು. ಆ ಗೋಡೆಗಳು ಸುಮಾರು ಸಾವಿರ ವರ್ಷ ಹಿಂದಿನವು ಎಂದು ತಿಳಿಯಿತು. ಅದರ ನಂತರದ ದೊಡ್ಡ ಕೋಟೆಯೂರು ಕ್ರಿ.ಪೂ. 16ನೇ ಶತಮಾನದಲ್ಲಿ ಸುಟ್ಟುಹೋಗಿತ್ತು. ಅಲ್ಲಿನ ಸುಟ್ಟ ಕಾಳಿನ ಕಾರ್ಬನ್-14 ಫಲಿತಾಂಶ 1995ರಲ್ಲಿ ಪ್ರಕಟವಾಯಿತು, ಅದೂ 16ನೇ ಶತಮಾನವನ್ನೇ ತೋರಿಸಿತು. ಯೆಹೋಶುವನಿಗೆ ಹೆಚ್ಚಿನವರು ಕೊಡುವ 13ನೇ ಶತಮಾನದಲ್ಲಿ ಅಲ್ಲಿ ಕೆಡವಲು ಕೋಟೆಯಿತ್ತು ಎಂಬುದಕ್ಕೆ ಕುರುಹಿಲ್ಲ. ಆ ಪದರ ಮಳೆಗೆ ಕೊಚ್ಚಿಹೋಗಿರಬಹುದು ಎಂಬ ವಾದವಿದೆ. ಒಂದು ಕೋಟೆಯೂರೇ ಕೊಚ್ಚಿಹೋಗಿದ್ದರೆ ಆ ಕಾಲದ ಮಡಕೆ ಚೂರು ದಿಬ್ಬದ ಬುಡದಲ್ಲಿ ಹೇರಳವಾಗಿ ಬಿದ್ದಿರಬೇಕಿತ್ತು.

ಯೆಹೋಶುವ ಸುಟ್ಟನೆಂದು ಸತ್ಯವೇದ ಹೇಳುವ ಆಯಿ, ಹಾಚೋರ್ ಊರುಗಳಲ್ಲಿ ಆಯಿಯದು ಇನ್ನೂ ಕಠಿಣ. ಎತ್-ತೆಲ್ ದಿಬ್ಬವೇ ಆಯಿ ಎಂಬುದು ಬಹುಮತ. ಅದು ಸುಮಾರು ಕ್ರಿ.ಪೂ. 2400ರಿಂದ 1200ರವರೆಗೆ ಪಾಳುಬಿದ್ದಿತ್ತು. ಹಾಚೋರ್ ಮಾತ್ರ 13ನೇ ಶತಮಾನದಲ್ಲಿ ಭಯಂಕರವಾಗಿ ಉರಿದದ್ದು ನಿಜ. ಸುಟ್ಟವರು ಯಾರು ಎಂದು ಬೂದಿಯಲ್ಲಿ ಬರೆದಿಲ್ಲ. ಮೂರನ್ನೂ ಒಟ್ಟಿಗಿಟ್ಟರೆ, ಯೆಹೋಶುವನ ಪುಸ್ತಕ ಹೇಳುವ ಒಂದೇ ಬೀಸಿನ ದಂಡಯಾತ್ರೆಯನ್ನು ನೆಲ ಬೆಂಬಲಿಸುವುದಿಲ್ಲ ಎಂದೇ ನಾನು ಹೇಳಬೇಕು. ಅದೇ ಕಾಲಕ್ಕೆ ಕಾನಾನಿನ ಗುಡ್ಡಗಾಡಿನಲ್ಲಿ ಕೋಟೆಯಿಲ್ಲದ ನೂರಾರು ಸಣ್ಣ ಹಳ್ಳಿಗಳು ಹೊಸದಾಗಿ ಹುಟ್ಟಿಕೊಂಡದ್ದು ಕ್ಷೇತ್ರ ಸಮೀಕ್ಷೆಗಳಲ್ಲಿ ಕಂಡಿದೆ. ಕ್ರಿ.ಪೂ. 1208ರ ಸುಮಾರಿನ ಫರೋಹ ಮೆರ್ನೆಪ್ತಾನ ಕಲ್ಲಿನಲ್ಲಿ 'ಇಸ್ರಾಯೇಲ್' ಎಂಬ ಹೆಸರಿದೆ. ಅದರ ಪಕ್ಕದ ಚಿಹ್ನೆ ಊರಿನದಲ್ಲ, ಜನಾಂಗದ್ದು. ಅಂದರೆ ಆ ಹೊತ್ತಿಗೆ ಅಲ್ಲಿ ಆ ಹೆಸರಿನ ಜನ ಇದ್ದರು. ಅವರು ಎಲ್ಲಿಂದ ಬಂದರು ಎಂದು ಆ ಕಲ್ಲು ಹೇಳುವುದಿಲ್ಲ.

ಈಗ ಇದಕ್ಕೆ ಎದುರಾದ ಒಂದು ಪ್ರಕರಣ. ಕ್ರಿ.ಪೂ. 14ನೇ ಶತಮಾನದಲ್ಲಿ ಯೆರೂಸಲೇಮಿನ ಒಡೆಯ ಅಬ್ದಿ-ಹೆಬಾ ಫರೋಹನಿಗೆ ಬರೆದ ಪತ್ರಗಳು ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕಿವೆ. ಸೈನಿಕರನ್ನು ಕಳಿಸು ಎಂದು ಗೋಗರೆಯುತ್ತಾನೆ. ಆಳುವವನಿದ್ದ, ಲಿಪಿಕಾರನಿದ್ದ, ಊರಿತ್ತು. ಆದರೆ ಯೆರೂಸಲೇಮಿನ ಅಗೆತದಲ್ಲಿ ಆ ಕಾಲದ್ದು ಸಿಕ್ಕಿರುವುದು ಅತ್ಯಲ್ಪ. ಪತ್ರಗಳಿಲ್ಲದಿದ್ದರೆ ಅಂಥ ಊರೇ ಇರಲಿಲ್ಲ ಎಂದುಬಿಡುತ್ತಿದ್ದೆವು. ಗುಡ್ಡದ ಮೇಲಿನ ಊರಿನಲ್ಲಿ ಹೊಸ ಕಟ್ಟಡ ಕಟ್ಟುವವರು ಹಳೆಯದನ್ನು ಬಂಡೆಯವರೆಗೆ ಕೆರೆದು ತೆಗೆಯುತ್ತಾರೆ. ಅತ್ಯಂತ ಮುಖ್ಯವಾದ ದೇವಾಲಯದ ಗುಡ್ಡವನ್ನು ಅಗೆಯಲಾಗದು. ಹಾಗಾಗಿ ದಾವೀದನ ಕಾಲದ ಯೆರೂಸಲೇಮಿನಲ್ಲಿ ಏನೂ ಸಿಕ್ಕಿಲ್ಲ ಎಂದು ನಿಮ್ಮ ಮಗ ಹೇಳಿದರೆ ಅದಕ್ಕೆ ಯೆರಿಕೋವಿನ ಪ್ರಕರಣದಷ್ಟು ತೂಕವಿಲ್ಲ.

ನೋಡಬೇಕಾದದ್ದು ಇಷ್ಟು: ಹೇಳಿದ ಘಟನೆ ಕುರುಹು ಬಿಡಲೇಬೇಕಾದ ಜಾತಿಯದೇ, ಆ ಜಾಗವನ್ನು ಸಾಕಷ್ಟು ಅಗೆದಿದ್ದಾರೆಯೇ, ಅದೇ ಅಗೆತದಲ್ಲಿ ಅದಕ್ಕಿಂತ ಸಣ್ಣ ಕುರುಹುಗಳು ಸಿಕ್ಕಿವೆಯೇ. ಈಜಿಪ್ಟಿನಿಂದ ಹೊರಟರೆಂದು ವಿಮೋಚನಕಾಂಡ 12:37 ಹೇಳುವ 6 ಲಕ್ಷ ಗಂಡಸರೆಂದರೆ ಹೆಂಗಸರು ಮಕ್ಕಳು ಸೇರಿ 20 ಲಕ್ಷ ದಾಟುತ್ತದೆ. ಅಷ್ಟು ಜನ 40 ವರ್ಷ ಸೀನಾಯಿಯಲ್ಲಿದ್ದರೆ ಕುರುಹು ಇರಲೇಬೇಕು. ಅದಕ್ಕಿಂತ ಹಳೆಯ ಸಣ್ಣ ಸಣ್ಣ ಅಲೆಮಾರಿ ಗುಂಪುಗಳ ಬಿಡಾರ ಅಲ್ಲಿ ಸಿಕ್ಕಿದೆ, ಇದು ಸಿಕ್ಕಿಲ್ಲ. ಆದರೆ ಕೆಲವು ನೂರು ಜನರ ಗುಂಪೊಂದು ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದಿತ್ತೇ ಎಂದು ಕೇಳಿದರೆ ಮಣ್ಣಿಗೆ ಅದನ್ನು ಅಲ್ಲಗಳೆಯುವ ಶಕ್ತಿಯಿಲ್ಲ. 'ಸಾವಿರ' ಎಂದು ಅನುವಾದಿಸಿದ 'ಎಲೆಫ್' ಎಂಬ ಹೀಬ್ರೂ ಪದಕ್ಕೆ ಕುಲ, ಪಡೆ ಎಂಬ ಅರ್ಥವೂ ಉಂಟು ಎಂದು ಸಂಖ್ಯೆಯನ್ನು ಇಳಿಸಿ ಓದುವವರೂ ಇದ್ದಾರೆ.

ಅಂಗಡಿಯಿಂದ ಬಂದ ವಸ್ತು

ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಎಲ್ಲಿ ಸಿಕ್ಕಿತು ಎಂದು ಗೊತ್ತಿಲ್ಲದ ವಸ್ತುವನ್ನು ತಕ್ಕಡಿಗೇ ಹಾಕಬೇಡಿ. ಯೆರೆಮೀಯ 36ರಲ್ಲಿ ಶಾಫಾನನ ಮಗ ಗೆಮರ್ಯನೂ ಬರುತ್ತಾನೆ, ನೇರೀಯನ ಮಗ ಬಾರೂಕನೂ ಬರುತ್ತಾನೆ. ಇಬ್ಬರ ಹೆಸರಿನ ಮಣ್ಣಿನ ಮುದ್ರೆಗಳೂ ಪ್ರಸಿದ್ಧ. ಗೆಮರ್ಯನದು ಯೆರೂಸಲೇಮಿನಲ್ಲಿ ಯಿಗಾಲ್ ಶಿಲೋ ಅವರ ಅಗೆತದಲ್ಲಿ, 586ರ ಬೆಂಕಿಯ ಪದರದಲ್ಲಿ, 50ಕ್ಕೂ ಹೆಚ್ಚು ಮುದ್ರೆಗಳ ಗುಂಪಿನಲ್ಲಿ ಸಿಕ್ಕಿತು. ಬೆಂಕಿ ಪತ್ರಗಳನ್ನು ಸುಟ್ಟು ಅವಕ್ಕೊತ್ತಿದ್ದ ಹಸಿಮಣ್ಣನ್ನು ಇಟ್ಟಿಗೆಯಂತೆ ಬೇಯಿಸಿ ಉಳಿಸಿತ್ತು. ಬಾರೂಕನದು 1970ರ ದಶಕದಲ್ಲಿ ಹಳೆವಸ್ತುಗಳ ಮಾರುಕಟ್ಟೆಯಿಂದ ಬಂತು. ಎಷ್ಟೋ ಪುಸ್ತಕಗಳಲ್ಲಿ ಅದರ ಚಿತ್ರ ಅಚ್ಚಾಯಿತು. 2014ರಲ್ಲಿ ಪ್ರಕಟವಾದ ಪ್ರಯೋಗಾಲಯ ಪರೀಕ್ಷೆ ಅದು ಈ ಕಾಲದ ನಕಲಿ ಎಂದಿತು. ವಾಷಿಂಗ್ಟನ್ನಿನ ಒಂದು ಸಂಗ್ರಹಾಲಯ ಕೊಂಡಿದ್ದ ಮೃತ ಸಮುದ್ರದ ಸುರುಳಿಯ 16 ತುಂಡುಗಳೂ ನಕಲಿ ಎಂದು 2020ರಲ್ಲಿ ಗೊತ್ತಾಯಿತು. ನಕಲಿ ಮಾಡುವವನಿಗೆ ಸತ್ಯವೇದದ ಯಾವ ಹೆಸರಿಗೆ ಎಷ್ಟು ಬೆಲೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಭಕ್ತಿಯೇ ಅವನ ಬಂಡವಾಳ.

ಅಗೆತದಲ್ಲೇ ಸಿಕ್ಕರೂ ಹೆಸರೊಂದೇ ಸಾಲದು. ಹೆಸರು, ತಂದೆಯ ಹೆಸರು, ಪದವಿ ಮೂರೂ ಕೂಡಬೇಕು, ಕಾಲವೂ ಹೊಂದಬೇಕು. 2015ರಲ್ಲಿ ಪ್ರಕಟಿಸಿದ ಯೆರೂಸಲೇಮಿನ ಮುದ್ರೆಯಲ್ಲಿ ಹಿಜ್ಕೀಯ, ಆಹಾಜನ ಮಗ, ಯೆಹೂದದ ಅರಸ ಎಂದು ಮೂರೂ ಇವೆ. ಅಲ್ಲಿಂದ ಕೆಲವೇ ಮಾರು ದೂರ ಸಿಕ್ಕ ಇನ್ನೊಂದರಲ್ಲಿ 'ಯೆಶಾಯ' ಎಂಬ ಹೆಸರು, ಕೆಳಗೆ 'ಪ್ರವಾದಿ' ಎಂಬ ಹೀಬ್ರೂ ಪದದ ಮೊದಲ ಅಕ್ಷರಗಳಂತೆ ಕಾಣುವ ಮೂರು ಅಕ್ಷರಗಳಿವೆ. ಆ ಪದಕ್ಕೆ ಬೇಕಾದ ಕೊನೆಯ 'ಆಲೆಫ್' ಅಲ್ಲಿಲ್ಲ. ಆ ಮೂಲೆ ಒಡೆದಿದೆ. ಪ್ರವಾದಿ ಯೆಶಾಯನದೇ ಇರಬಹುದು ಎನ್ನಬಹುದು, ಅವನದೇ ಎನ್ನಲಾಗದು.

ಕೊನೆಗೆ ರಥದ ಗಾಲಿ. ಕಳಿಸಿದವರನ್ನು ಜಗಳಕ್ಕೆಳೆಯದೆ ಇಷ್ಟು ಕೇಳಿ: ಗಾಲಿ ಈಗ ಯಾವ ಸಂಗ್ರಹಾಲಯದಲ್ಲಿದೆ, ಅದರ ದಾಖಲೆ ಸಂಖ್ಯೆ ಏನು? ನೀರಿನಲ್ಲಿ ಎಷ್ಟು ಆಳದಲ್ಲಿ, ಯಾವ ಅಕ್ಷಾಂಶ ರೇಖಾಂಶದಲ್ಲಿ ಸಿಕ್ಕಿತು? ಮರವೋ ಲೋಹವೋ, ಯಾವ ಪ್ರಯೋಗಾಲಯ ಪರೀಕ್ಷಿಸಿತು? ಯಾವ ಸಂಶೋಧನಾ ಪತ್ರಿಕೆಯಲ್ಲಿ ಬಂತು? ದಾನಿನ ಕಲ್ಲಿಗೆ ಈ ಪ್ರಶ್ನೆ ಕೇಳಿದರೆ ಪ್ರತಿಯೊಂದಕ್ಕೂ ಉತ್ತರ ಇದೆ. ನೀವೇ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಹೋಗಿ ಅದರೆದುರು ನಿಂತು ನೋಡಬಹುದು. ಗಾಲಿಯದು ಹವಳ ಗುಂಡಗೆ ಬೆಳೆದಂತೆ ಕಾಣುವ ನೀರೊಳಗಿನ ಚಿತ್ರಗಳು ಮಾತ್ರ. ಪರೀಕ್ಷೆಗೆ ಒಳಪಟ್ಟ ಗಾಲಿಯೊಂದು ಇದುವರೆಗೆ ಯಾವ ಸಂಗ್ರಹಾಲಯದ ಮೇಜಿಗೂ ಬಂದಿಲ್ಲ.